ಫಾರಮಿನ ಹಿಂಬದಿ

ಇನ್ನೂರ ಹನ್ನೆರಡು ಫಾರಂ ತುಂಬಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮತ್ತೊಬ್ಬರ ಕಡೆ ಬೆರಳು ತೋರಿಸುವ ಮೊದಲು ನನ್ನ ಕೈಗೆ ಹತ್ತಿದ ಮಸಿ ಎಲ್ಲರಿಗೂ ಕಾಣಲಿ.

ನನ್ನ ಹೆಸರು ಮಲ್ಲೇಶ್ವರಿ. ಭಾತಂಬ್ರಾದಿಂದ ಒಂದು ತಾಸು ನಡೆದರೆ ನಮ್ಮ ವಸ್ತಿ, ಏಳು ಮನೆ. ಅಪ್ಪ ಧೊಂಡಿಬಾ ಕುರಿ ಕಾಯುತ್ತಾನೆ. ಅವ್ವ ಪುತಳಾಬಾಯಿ ಕುರಿ, ಹೊಲ, ಮನೆ ಮೂರನ್ನೂ ಕಾಯುತ್ತಾಳೆ. ನಮ್ಮ ಮನೆತನದಲ್ಲಿ ಎಂ.ಎ.ಗೆ ಕೂತವಳು ನಾನೊಬ್ಬಳೇ.

ಮಾಂಜ್ರಾ ವಿಶ್ವವಿದ್ಯಾಲಯದ ದೊಡ್ಡ ಕಟ್ಟಡ ಇರುವುದು ಬೀದರದಲ್ಲಿ. ಭಾಲ್ಕಿಯಲ್ಲಿ ಒಂದು, ಔರಾದಿನಲ್ಲಿ ಒಂದು, ಅದರ ಎರಡು ಅಧ್ಯಯನ ಕೇಂದ್ರಗಳಿದ್ದವು. ಕೇಂದ್ರ ಅಂದರೆ ಮಹಲಲ್ಲ. ಭಾಲ್ಕಿಯದು ಸ್ಟೇಷನ್ ಹತ್ತಿರದ ತೊಗರಿ ಅಡತಿ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗೆ ಹಮಾಲರು ಚೀಲ ಎತ್ತುತ್ತಿದ್ದರು, ಮೇಲೆ ನಾವು ಸಮಾಜಶಾಸ್ತ್ರ ಓದುತ್ತಿದ್ದೆವು. ತೊಗರಿಯ ಧೂಳಿಗೆ ಸೀನಿ ಸೀನಿ ನೋಟ್ಸ್ ಬರೆಯುತ್ತಿದ್ದೆವು. ಆದರೂ ಅಲ್ಲಿ ಬೆಂಚು ಇತ್ತು, ಬೋರ್ಡು ಇತ್ತು, ಕೈ ಎತ್ತಿದರೆ ನೋಡುವ ಮಾಸ್ತರರಿದ್ದರು.

ವಾರಕ್ಕೆ ಮೂರು ದಿನ ಕ್ಲಾಸು. ಆ ಮೂರು ದಿನ ನಸುಕಿನಲ್ಲೇ ಎದ್ದು ಕುರಿಹಟ್ಟಿ ಬಳಿಯುತ್ತಿದ್ದೆ. ಹಿಕ್ಕೆ ತುಂಬಿದ ಬುಟ್ಟಿ ತಲೆಯ ಮೇಲೆ ಹೊತ್ತು ತಿಪ್ಪೆಗೆ ಹದಿನೈದು ಸಲ ಹೋಗಿ ಬರುತ್ತಿದ್ದೆ. ಮೈ ತೊಳೆದುಕೊಂಡು ಭಾತಂಬ್ರಾಕ್ಕೆ ನಡೆದು ಬಸ್ ಹತ್ತುತ್ತಿದ್ದೆ. ಎಷ್ಟು ತೊಳೆದರೂ ಕುರಿಯ ವಾಸನೆ ಪೂರಾ ಹೋಗುವುದಿಲ್ಲ. ಬಸ್ಸಿನಲ್ಲಿ ಪಕ್ಕದವರು ಕಿಟಕಿ ತೆರೆಯುತ್ತಿದ್ದರು. ತೆರೆಯಲಿ. ಆ ಬೆಂಚಿನ ಮೇಲೆ ಕೂತ ನಾಲ್ಕು ತಾಸು ಮಾತ್ರ ನನ್ನ ಕೈ ಖಾಲಿ ಇರುತ್ತಿತ್ತು. ಏಳು, ನೀರು ತಾ, ಮರಿ ಹಿಡಿ ಅನ್ನುವವರು ಅಲ್ಲಿಲ್ಲ. ಶ್ರೀಮಂತರಿಗೆ ಕ್ಲಾಸು ಅಂದರೆ ಪಾಠ. ನನ್ನಂಥವಳಿಗೆ ಅದು ಮನೆಯಿಂದ ಹೊರಗೆ ಕೂರಲು ಸಿಕ್ಕ ಜಾಗ.

ಓಂಪ್ರಕಾಶ ಸರ್ ಬೀದರದಿಂದ ವಾರಕ್ಕೊಮ್ಮೆ ಬಂದು ಪಾಠ ಮಾಡುತ್ತಿದ್ದರು. ಔರಾದ ಕಡೆಯವರು, ನಮ್ಮವರೇ, ಕುರಿ ಕಾಯುವವರ ಮಗ. ಮೊದಲ ದಿನ ನನ್ನ ಹೆಸರು, ಊರು ಕೇಳಿ, ತಾನೂ ಕುರಿ ಹಿಂದೆ ಬರಿಗಾಲಲ್ಲಿ ಓಡಿದವನೇ ಎಂದು ಇಡೀ ಕ್ಲಾಸಿಗೆ ಹೇಳಿದರು. ನನ್ನ ಎದೆ ಉಬ್ಬಿತು. ಅವತ್ತಿನಿಂದ ಅವರು ಹೇಳಿದ್ದೇ ನನಗೆ ವೇದ. ಬೇಲಿಯೇ ಎದ್ದು ಹೊಲ ಮೇಯುತ್ತದೆ ಅನ್ನುವ ಗಾದೆಯನ್ನು ನಾನು ಪರೀಕ್ಷೆಯಲ್ಲಿ ಬರೆದಿದ್ದೆ, ಅಷ್ಟೇ.

ಹೋದ ಆಗಸ್ಟಿನಲ್ಲಿ ಅವರು ನನ್ನನ್ನು ಬೀದರಕ್ಕೆ ಕರೆಸಿದರು. ತಮ್ಮ ಕೋಣೆಯಲ್ಲಿ ಕುರ್ಚಿ ತೋರಿಸಿ ಕೂರಲು ಹೇಳಿದರು. ಅಷ್ಟು ದೊಡ್ಡವರ ಎದುರು ನಾನು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಅವರು ಒಂದು ಸಂಶೋಧನೆ ಮಾಡುತ್ತಿದ್ದರು. ಒಂದೇ ಫೈಲಿನಲ್ಲಿ ಹತ್ತು ಜನ ಕೂಡಿ ಬರೆಯುವುದು, ಪರದೆಯ ಮೇಲೆ ಸಭೆ ಸೇರುವುದು, ಗುಂಪಿನಲ್ಲಿ ಕೆಲಸ ಹಂಚಿಕೊಳ್ಳುವುದು, ಇಂಥ ಡಿಜಿಟಲ್ ಸಾಧನಗಳನ್ನು ಆನ್‌ಲೈನ್ ಕಲಿಕೆಗೆ ವಿದ್ಯಾರ್ಥಿಗಳು ಎಷ್ಟು ಒಪ್ಪುತ್ತಾರೆ ಅನ್ನುವುದು ವಿಷಯ. ಎರಡೂ ಕೇಂದ್ರಗಳ ಮಕ್ಕಳಿಂದ ಫಾರಂ ತುಂಬಿಸಬೇಕು. ಒಪ್ಪಿಗೆ ಚೆನ್ನಾಗಿ ಬಂದರೆ ಎಲ್ಲರಿಗೂ ಟ್ಯಾಬ್ ಬರುತ್ತದೆ, ಊರಿಗೆ ಟವರ್ ಬರುತ್ತದೆ ಎಂದರು. ನನ್ನನ್ನು ವಿದ್ಯಾರ್ಥಿ ಸಂಯೋಜಕಿ ಮಾಡಿದರು. ನಾನೇ ಯಾಕೆ ಸರ್ ಎಂದು ಕೇಳಿದೆ.

"ನಿನಗ ಬಸ್ ಪುಕ್ಕಟ ಅದಲ್ಲವ್ವಾ," ಎಂದು ನಕ್ಕರು.

ನಾನೂ ನಕ್ಕೆ. ಈಗ ನೆನೆದರೆ ಮೈ ಉರಿಯುತ್ತದೆ.

ಫಾರಂನಲ್ಲಿ ಇಪ್ಪತ್ನಾಲ್ಕು ವಾಕ್ಯ. ಪ್ರತಿ ವಾಕ್ಯದ ಮುಂದೆ ಐದು ಮನೆ. ಒಂದು ಅಂದರೆ ಸ್ವಲ್ಪವೂ ಒಪ್ಪುವುದಿಲ್ಲ, ಐದು ಅಂದರೆ ಪೂರ್ತಿ ಒಪ್ಪುತ್ತೇನೆ. ಈ ಸಾಧನಗಳು ನನ್ನ ಕಲಿಕೆಗೆ ಉಪಯುಕ್ತ. ಇವುಗಳನ್ನು ಬಳಸುವುದು ನನಗೆ ಸುಲಭ. ಮುಂದೆಯೂ ಬಳಸುವ ಮನಸ್ಸಿದೆ. ಎರಡು ಸಲ ಓದಿದೆ. ಮೊಬೈಲ್ ಇದೆಯೇ, ನೆಟ್ ಸಿಗುತ್ತದೆಯೇ ಅನ್ನುವ ಪ್ರಶ್ನೆ ಎಲ್ಲೂ ಇರಲಿಲ್ಲ. ಕೇಳಿದೆ.

"ಅದು ನಮ್ಮ ಮಾದರಿ ಒಳಗ ಬರಂಗಿಲ್ಲವ್ವಾ," ಎಂದರು ಸರ್. "ನಮಗ ಮಂದಿ ಮನಸ್ಸು ಬೇಕು. ಮೊಬೈಲ್ ಆಮ್ಯಾಲ ಬರ್ತದ."

ಆ ಫಾರಂ ಕೂಡ ಆನ್‌ಲೈನಿನಲ್ಲೇ ತುಂಬಬೇಕಿತ್ತು. ಲಿಂಕ್ ಕಳಿಸಿದೆ. ವಾರವಾದರೂ ಮೂವತ್ತು ಜನರೂ ತುಂಬಲಿಲ್ಲ. ಸರ್‌ಗೆ ಅವಸರ. ಕೊನೆಗೆ ಭಾಲ್ಕಿಯಲ್ಲಿ ಖಾಲಿದನ ಜೆರಾಕ್ಸ್ ಅಂಗಡಿಗೆ ಹೋಗಿ ಕಾಗದದ ಮೇಲೆ ಫಾರಂ ತೆಗೆಸಿದೆ. ಖಾಲಿದ ಒಂದು ಹಾಳೆ ಎತ್ತಿ ಓದಿದ. ಮೊಬೈಲೇ ಇಲ್ಲದವರಿಗೆ ಮೊಬೈಲ್ ಪಸಂದೇ ಎಂದು ಕೇಳುವ ಕಾಗದ ಇದು ಎಂದು ನಕ್ಕ. ಜೆರಾಕ್ಸ್ ಅಂಗಡಿಯವನಿಗೆ ತಿಳಿದದ್ದು ಎಂ.ಎ. ಓದುವ ನನಗೆ ತಿಳಿಯಲಿಲ್ಲ.

ಒಂದೂವರೆ ತಿಂಗಳು ತಿರುಗಿದೆ. ಭಾಲ್ಕಿ ಕಡೆಯ ಊರುಗಳನ್ನು ಮುಗಿಸಿ ಔರಾದ ಕಡೆಗೆ ಹೋದೆ. ಬಸ್ ಇಳಿದು ಕೆಸರಲ್ಲಿ ನಡೆದೆ. ಹೆಸರುಕಾಯಿ ಬಿಡಿಸುವ ಹೊಲದ ಬದುವಿನ ಮೇಲೆ ಕೂತು ತುಂಬಿಸಿದೆ. ಹೆರಿಗೆಯಾಗಿ ಎಂಟು ದಿನದ ಬಾಣಂತಿಯ ಮಂಚದ ಹತ್ತಿರ ಕೂತು ತುಂಬಿಸಿದೆ. ಹೆಚ್ಚುಕಡಿಮೆ ಎಲ್ಲರೂ ಐದನೇ ಮನೆಗೇ ಗುರುತು ಹಾಕಿದರು. ಅದಕ್ಕೊಂದು ಕಾರಣವಿದೆ. ನಮ್ಮ ಕಡೆ ಕಾಗದ ಹಿಡಿದು ಬಂದವರ ಮುಂದೆ ಇಲ್ಲ, ಬೇಡ ಎಂದು ಯಾರೂ ಅನ್ನುವುದಿಲ್ಲ. ಹಾಗೆ ಅಂದರೆ ಪಟ್ಟಿಯಿಂದ ಹೆಸರು ಹೋಗುತ್ತದೆ ಅನ್ನುವುದು ಅಜ್ಜಿಯರ ಕಾಲದಿಂದ ಬಂದ ಬುದ್ಧಿ. ಮನೆ ಕೊಡುವ ಕಾಗದವೋ, ಮನೆ ಕೆಡವುವ ಕಾಗದವೋ, ಮೊದಲು ಹೂಂ ಅನ್ನಬೇಕು. ಅದರ ಮೇಲೆ ನಾನೂ ಹೇಳುತ್ತಿದ್ದೆ, ಐದು ಹಾಕಿರಿ, ಟ್ಯಾಬ್ ಬರುತ್ತದೆ.

ಮೊಬೈಲ್ ಇಲ್ಲ ಅಂತ ಎಲ್ಲಿ ಬರೆಯಲಿ ಎಂದು ಕೆಲವರು ಕೇಳಿದರು. ಫಾರಂನ ಹಿಂದೆ ಬರೆಯಿರಿ, ಸರ್‌ಗೆ ನಾನು ತೋರಿಸುತ್ತೇನೆ ಎಂದೆ. ಬರೆದರು. ಒಬ್ಬರನ್ನು ನೋಡಿ ಮತ್ತೊಬ್ಬರು ಬರೆದರು.

ಗೆಳತಿ ಸುಜಾತಾಳದು ಔರಾದ, ಅಲ್ಲಿಯ ಕೇಂದ್ರದಲ್ಲೇ ಓದುತ್ತಿದ್ದಳು. ಗಂಡ ಆಟೋ ಓಡಿಸುತ್ತಾನೆ. ಮನೆಗೆ ಇರುವುದು ಒಂದೇ ಮೊಬೈಲು, ಅದು ಗಂಡನ ಜೇಬಿನಲ್ಲಿ ಬೆಳಗ್ಗೆ ಹೋದರೆ ಸಂಜೆ ಬರುತ್ತದೆ. ಕೇಂದ್ರ ಎರಡು ಓಣಿ ಆಚೆ ಇದೆ ಅನ್ನುವ ಒಂದೇ ಕಾರಣಕ್ಕೆ ಅತ್ತೆ ಅವಳನ್ನು ಓದಲು ಬಿಟ್ಟಿದ್ದಳು. ತೊಡೆಯ ಮೇಲೆ ಮಗುವನ್ನು ಹಾಕಿಕೊಂಡು ಫಾರಂ ಓದಿದಳು. ಅವಳು ನನಗಿಂತ ಜಾಣೆ.

"ಐದು ಹಾಕಿದ್ರ ನಮ್ಮ ಕ್ಲಾಸಿಗಿ ಏನೂ ಆಗಂಗಿಲ್ಲಲ್ಲ, ಮಲ್ಲೂ?" ಎಂದು ಕೇಳಿದಳು.

"ಏನೂ ಆಗಂಗಿಲ್ಲ. ಸರ್ ನಮ್ಮವರೇ ಅದಾರ," ಎಂದೆ.

ಅವಳು ಐದು ಹಾಕಿದಳು.

ಖಾಲಿದನ ಅಂಗಡಿಯ ಕಂಪ್ಯೂಟರಿನಲ್ಲಿ ಕೂತು ಎಲ್ಲವನ್ನೂ ಸರ್ ಹಂಚಿಕೊಟ್ಟ ಫೈಲಿಗೆ ಏರಿಸಿದೆ. ಮೂರು ದಿನ ಹಿಡಿಯಿತು. ಇಲ್ಲಿ ನಾನು ಐದು ಒತ್ತಿದರೆ ಬೀದರದಲ್ಲಿ ಅವರ ಪರದೆಯ ಮೇಲೆ ಐದು ಮೂಡುತ್ತಿತ್ತು. ಹಿಂದೆ ಬರೆದದ್ದನ್ನು ಎಲ್ಲಿ ಹಾಕಲಿ ಎಂದು ಫೋನ್ ಮಾಡಿದೆ. ಮುಂದಿನದಷ್ಟೇ ಹಾಕು, ಹಿಂದಿನದು ನಾನು ನೋಡುತ್ತೇನೆ ಎಂದರು. ನಾನು ಹಾಕಲಿಲ್ಲ. ಕಾಗದಗಳನ್ನು ಉಣ್ಣೆ ತುಂಬುವ ಚೀಲದಲ್ಲಿ ಕಟ್ಟಿ ಮನೆಯ ಗೂಟಕ್ಕೆ ನೇತುಹಾಕಿದೆ. ಅವರು ಎಂದೂ ಕೇಳಲಿಲ್ಲ.

ಡಿಸೆಂಬರಿನಲ್ಲಿ ಕ್ಲಾಸಿನ ವಾಟ್ಸಾಪ್ ಗುಂಪಿಗೆ ಸುತ್ತೋಲೆ ಬಂತು. ಸಮೀಕ್ಷೆಯಲ್ಲಿ ಶೇಕಡಾ ತೊಂಬತ್ಮೂರರಷ್ಟು ವಿದ್ಯಾರ್ಥಿಗಳು ಆನ್‌ಲೈನ್ ಕಲಿಕೆಯ ಸಾಧನಗಳನ್ನು ಪೂರ್ತಿ ಒಪ್ಪಿದ್ದಾರೆ. ಅವರ ಇಚ್ಛೆಯಂತೆ ಭಾಲ್ಕಿ ಮತ್ತು ಔರಾದ ಕೇಂದ್ರಗಳನ್ನು ಮುಚ್ಚಿ ಎಲ್ಲ ತರಗತಿಗಳನ್ನು ಆನ್‌ಲೈನ್ ಮಾಡಲಾಗಿದೆ. ಟ್ಯಾಬಿನ ಮಾತಿಲ್ಲ, ಟವರಿನ ಮಾತಿಲ್ಲ. ಅವರ ಇಚ್ಛೆಯಂತೆ ಅನ್ನುವ ಮಾತನ್ನು ನಾನು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಎಷ್ಟು ಸಲ ಓದಿದೆನೋ ಗೊತ್ತಿಲ್ಲ.

ಓಡಿ ಕೇಂದ್ರಕ್ಕೆ ಹೋದೆ. ಹಮಾಲರು ಬೆಂಚುಗಳನ್ನು ಮೆಟ್ಟಿಲಿಂದ ಇಳಿಸುತ್ತಿದ್ದರು. ನಾನು ಕೂರುತ್ತಿದ್ದ ಬೆಂಚನ್ನು ಒಬ್ಬ ಬೆನ್ನ ಮೇಲೆ ಹೊತ್ತು ನನ್ನ ಪಕ್ಕದಲ್ಲೇ ಹೋದ. ದಾರಿ ಬಿಡಿರಿ ಎಂದ. ಬಿಟ್ಟೆ.

ಮನೆಯಲ್ಲಿ ಕೂತು ಕಲಿಯುವುದು ಅಂದರೆ ಏನೆಂದು ಆಮೇಲೆ ಗೊತ್ತಾಯಿತು. ಮನೆಯಲ್ಲಿರುವ ಹೆಣ್ಣಿಗೆ ಕೆಲಸ ತಪ್ಪುವುದಿಲ್ಲ. ಹೇಗೂ ಮನೆಯಲ್ಲೇ ಇದ್ದೀಯಲ್ಲ ಎಂದು ಅವ್ವ ನನ್ನನ್ನು ಕುರಿಯ ಹಿಂದೆ ಕಳಿಸಿದಳು. ತಪ್ಪು ಅವಳದಲ್ಲ. ಅವಳ ಮೊಣಕಾಲು ಬಾತುಹೋಗಿತ್ತು. ವಸ್ತಿಯಲ್ಲಿ ನೆಟ್ ಸಿಗುವುದು ಹಿಂದಿನ ಗುಡ್ಡದ ನೆತ್ತಿಯಲ್ಲಿ ಮಾತ್ರ. ಬಿಸಿಲಲ್ಲಿ ಕಲ್ಲಿನ ಮೇಲೆ ನಿಂತು, ಒಂದು ಕೈಯಲ್ಲಿ ಮೊಬೈಲು ಎತ್ತಿ ಹಿಡಿದು, ಕಣ್ಣು ಕುರಿಗಳ ಮೇಲಿಟ್ಟು ಪಾಠ ಕೇಳುತ್ತಿದ್ದೆ. ತೋಳು ಸೋತು ಬೀಳುತ್ತಿತ್ತು. ಮಾತು ತುಂಡಾಗಿ ಬರುತ್ತಿತ್ತು. ಎಲ್ಲರೂ ಕೂಡಿ ಬರೆಯುವ ಫೈಲು ನನ್ನ ಮೊಬೈಲಿನಲ್ಲಿ ತೆರೆಯುವಷ್ಟರಲ್ಲಿ ಬೀದರದವರು ಬರೆದು ಮುಗಿಸಿರುತ್ತಿದ್ದರು. ನನಗೆ ಉಳಿಯುತ್ತಿದ್ದುದು ಕೊನೆಯಲ್ಲಿ ಹೆಸರು ಸೇರಿಸುವ ಕೆಲಸ. ಎರಡು ಸಲ ಅದಕ್ಕೂ ನೆಟ್ ಸಿಗಲಿಲ್ಲ.

ಕ್ಯಾಮೆರಾ ಹಾಕದಿದ್ದರೆ ಹಾಜರಿ ಇಲ್ಲ ಅನ್ನುವ ನಿಯಮ ಬಂತು. ಅವತ್ತು ಒಂದು ಕುರಿ ಗುಡ್ಡದ ಮೇಲೆಯೇ ಈದಿತ್ತು. ಒದ್ದೆ ಮರಿಯನ್ನು ಸೆರಗಿನಲ್ಲಿ ಒರೆಸಿ ಎದೆಗೆ ಅವುಚಿಕೊಂಡಿದ್ದೆ. ಓಂಪ್ರಕಾಶ ಸರ್ ಹೆಸರು ಕೂಗಿದರು. ಹಾಜರಿ ತಪ್ಪಬಾರದೆಂದು ಕ್ಯಾಮೆರಾ ಹಾಕಿದೆ. ಮರಿ ಕೂಗಿತು. ಪರದೆಯ ತುಂಬ ನಗು. ಯಾರೋ ಬ್ಯಾ ಎಂದು ಅಣಕಿಸಿದರು.

"ಯಾರದು ಕುರಿ ಸಪ್ಪಳ? ಮ್ಯೂಟ್ ಮಾಡ್ರಿ," ಎಂದರು ಸರ್. ನಾನು ಮಾಡುವ ಮೊದಲೇ ತಾವೇ ನನ್ನ ದನಿ ಮುಚ್ಚಿದರು.

ಕುರಿ ಹಿಂದೆ ಬರಿಗಾಲಲ್ಲಿ ಓಡಿದವರು ಇವರೇ. ಆ ಮರಿಯ ಕೂಗು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೇ ಮುಚ್ಚಿದರು. ನನ್ನ ಭರೋಸಾ ಅಲ್ಲೇ ಸತ್ತಿತು.

ಫೆಬ್ರುವರಿಯಲ್ಲಿ ಹಾಜರಿ ಕಡಿಮೆಯಾದವರ ಪಟ್ಟಿ ಬಂತು. ಪರೀಕ್ಷೆಗೆ ಕೂರುವಂತಿಲ್ಲ. ನನ್ನ ಹೆಸರಿತ್ತು. ಸುಜಾತಾಳ ಹೆಸರೂ ಇತ್ತು. ಔರಾದಿಗೆ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಒಳಗೆ ಬಾ ಅನ್ನಲಿಲ್ಲ. ಪುಸ್ತಕಗಳನ್ನು ಅತ್ತೆ ರದ್ದಿಯವನಿಗೆ ಹಾಕಿದ್ದಳು. ಸರ್ ಹೀಗೆ ಮಾಡುತ್ತಾರೆಂದು ನನಗೆ ಗೊತ್ತಿರಲಿಲ್ಲ ಎಂದು ಹೇಳತೊಡಗಿದೆ. ಅವಳು ಹಿಟ್ಟಿನ ಕೈ ಎತ್ತಿ ನಿಲ್ಲಿಸಿದಳು.

"ಆ ಸರ್ ನನಗ ಯಾರು? ನಾ ನಿನ್ನ ಮುಖ ನೋಡಿ ಐದು ಹಾಕಿದೆ, ಮಲ್ಲೂ. ನಿನ್ನ ಮುಖ ನೋಡಿ."

ಮತ್ತೆ ರೊಟ್ಟಿ ಬಡಿಯತೊಡಗಿದಳು. ನಾನು ಹೊಸ್ತಿಲ ಹೊರಗೆ ನಿಂತೇ ಇದ್ದು ತಿರುಗಿ ಬಂದೆ.

ಮರುದಿನ ಬೀದರಕ್ಕೆ ಹೋದೆ. ಈ ಸಲ ಸರ್ ಕುರ್ಚಿ ತೋರಿಸಲಿಲ್ಲ. ಕೇಂದ್ರ ಮುಚ್ಚಿದ್ದು ತಾನಲ್ಲ, ಡೇಟಾ ಹೇಳಿದಂತೆ ಆಗಿದೆ ಎಂದರು. ಹಿಂದೆ ಬರೆದದ್ದು ಏನಾಯಿತು ಎಂದು ಕೇಳಿದೆ. ಹಿಂದೆ ಬರೆದದ್ದು ಡೇಟಾ ಅಲ್ಲ ಎಂದರು. ಆಮೇಲೆ ದನಿ ಇಳಿಸಿದರು. ಶುಕ್ರವಾರ ವಿಚಾರ ಸಂಕಿರಣವಿದೆ, ಸಂಶೋಧನೆಯ ವರದಿ ಬಿಡುಗಡೆ, ನಿನಗೆ ಪ್ರಮಾಣಪತ್ರ ಕೊಡುತ್ತೇವೆ, ನಿನ್ನಪ್ಪನನ್ನೂ ಕರೆದುಕೊಂಡು ಬಾ, ವಿದ್ಯಾರ್ಥಿಗಳ ಪರವಾಗಿ ಎರಡು ಒಳ್ಳೆಯ ಮಾತಾಡು ಎಂದರು.

"ನಿನ್ನ ಹಾಜರಿ ನಾ ಸರಿ ಮಾಡ್ತೇನಿ. ಬರೇ ನಿಂದು. ಯಾರ ಮುಂದೂ ಹೇಳಬ್ಯಾಡ."

ಸುಳ್ಳು ಯಾಕೆ ಹೇಳಲಿ, ನನಗೆ ಆಸೆಯಾಯಿತು. ಎರಡು ವರ್ಷ ಹಿಕ್ಕೆ ಹೊತ್ತು ಓದಿದ್ದೆ. ಒಂದು ಪರೀಕ್ಷೆ ಮಾತ್ರ ಉಳಿದಿತ್ತು. ಬಸ್ಸಿನ ತುಂಬ ಅದನ್ನೇ ಯೋಚಿಸಿದೆ.

ವಸ್ತಿಗೆ ಬಂದಾಗ ಕುರಿ ವ್ಯಾಪಾರಿಯ ಟೆಂಪೊ ನಿಂತಿತ್ತು. ಅಪ್ಪ ಹಿಂಡಿನ ಮುಂದೆ ನಡೆಯುವ ಮುದಿ ಕುರಿಯ ಕೊರಳಿಂದ ಗಂಟೆ ಬಿಚ್ಚುತ್ತಿದ್ದ. ಮಾರುವ ದಿನ ನಮ್ಮ ಮನೆಯಲ್ಲಿ ಮೊದಲು ಮಾಡುವ ಕೆಲಸ ಇದು. ಗಂಟೆಯ ಕುರಿಯನ್ನು ಹಲಗೆ ಹತ್ತಿಸಿದರೆ ಉಳಿದವು ಸದ್ದಿಲ್ಲದೆ ಹಿಂದೆಯೇ ಹತ್ತುತ್ತವೆ. ವ್ಯಾಪಾರಿಗೆ ಅದೇ ಸುಲಭ. ಅಪ್ಪ ಒಪ್ಪುವುದಿಲ್ಲ. ಗಂಟೆ ಬಿಚ್ಚಿ, ಆ ಕುರಿಯನ್ನು ಮನೆಯ ಹಿಂದೆ ಕಟ್ಟಿ, ಮಾರಿದ ಒಂದೊಂದನ್ನೂ ತಾನೇ ಎತ್ತಿ ಹಾಕುತ್ತಾನೆ. ಸೊಂಟ ಹಿಡಿದುಕೊಳ್ಳುತ್ತದೆ, ಆದರೂ ಬಿಡುವುದಿಲ್ಲ. ಚಿಕ್ಕಂದಿನಿಂದ ನೋಡಿದ್ದೆ, ಯಾಕೆಂದು ಕೇಳಿರಲಿಲ್ಲ. ಅವತ್ತು ಕೇಳಿದೆ.

"ಮಾರೋದು ನಮ್ಮ ಹೊಟ್ಟಿಪಾಡು," ಎಂದ ಅಪ್ಪ. "ಖರೆ ಅದರ ಹಿಂದ ಭರೋಸಾ ಇಟ್ಟು ಬರೂವಕ್ಕ ಅದರ ಕೈಲೇ ಮೋಸ ಮಾಡಿಸಬಾರದು."

ನಾನು ಅಲ್ಲೇ ಕೂತು ಅತ್ತೆ. ಅಪ್ಪನಿಗೆ ಎಲ್ಲವನ್ನೂ ಹೇಳಿದೆ, ಹಾಜರಿಯ ಮಾತನ್ನೂ ಹೇಳಿದೆ. ಅವನು ಎದ್ದು ಒಳಗೆ ಹೋದ. ಗೂಟದಿಂದ ಚೀಲ ಇಳಿಸಿ ಧೂಳು ಕೊಡವಿದ.

ಶುಕ್ರವಾರ ಇಬ್ಬರೂ ಬೀದರಕ್ಕೆ ಹೋದೆವು. ಹೆಗಲ ಮೇಲಿನ ಕಂಬಳಿ, ಕೈಯ ಕೋಲು, ಬೆನ್ನ ಮೇಲಿನ ಚೀಲ ನೋಡಿ ಬಾಗಿಲ ಕಾವಲುಗಾರ ಅಪ್ಪನನ್ನು ತಡೆದ. ಕೋಲು ಹೊರಗಿಡಿಸಿದ. ಚೀಲದಲ್ಲಿ ಏನಿದೆ ಎಂದ. ನಿಮ್ಮ ಯುನಿವರ್ಸಿಟಿಯ ಕಾಗದಗಳೇ ಇವೆ ಎಂದು ಅಪ್ಪ ಹೇಳಿದ. ನನ್ನ ಕೊರಳಿಗೆ ವಿದ್ಯಾರ್ಥಿ ಸಂಯೋಜಕಿ ಎಂದು ಬರೆದ ಪಟ್ಟಿ ಹಾಕಿದರು. ವೇದಿಕೆಯ ಮೇಲೆ ದೊಡ್ಡ ಪರದೆ. ಅದರಲ್ಲಿ ಬೇರೆ ಊರುಗಳ ಪಂಡಿತರು ಚೌಕ ಚೌಕವಾಗಿ ಕೂತಿದ್ದರು. ಸರ್ ವರದಿ ಓದಿದರು. ತೊಂಬತ್ಮೂರು ಎಂದಾಗ ಚಪ್ಪಾಳೆ ಬಿತ್ತು. ಹಳ್ಳಿಯ ಮಕ್ಕಳೂ ಮನಸಾರೆ ಒಪ್ಪಿದ್ದಾರೆ ಎಂದು ಹೇಳಿ ನನ್ನನ್ನು ಕರೆದರು.

ಅಪ್ಪನಿಂದ ಚೀಲ ತೆಗೆದುಕೊಂಡು ಮೇಲೆ ಹೋದೆ. ಮೊದಲು ಕೊರಳ ಪಟ್ಟಿ ತೆಗೆದು ಮೇಜಿನ ಮೇಲಿಟ್ಟೆ. ಆಮೇಲೆ ಚೀಲದ ಬಾಯಿ ಬಿಚ್ಚಿದೆ.

"ಇವು ಆ ಫಾರಂ ಅವರಿ. ಮುಂದಿಂದು ಸರ್ ಓದ್ಯಾರ. ಹಿಂದಿಂದು ನಾ ಓದ್ತೇನಿ," ಎಂದೆ.

ಓದಿದೆ. ನಮ್ಮ ಮನೆಯಲ್ಲಿ ಮೊಬೈಲ್ ಇಲ್ಲ. ಮೊಬೈಲ್ ಇದೆ, ಅಣ್ಣ ಕೊಡುವುದಿಲ್ಲ. ನೆಟ್ ಬೇಕೆಂದರೆ ನೀರಿನ ಟಾಕಿ ಹತ್ತಬೇಕು, ಹೆಣ್ಣುಮಕ್ಕಳು ಹತ್ತಿದರೆ ಬೈಯುತ್ತಾರೆ. ನಾನು ಕಬ್ಬು ಕಡಿಯಲು ಹೋಗುತ್ತೇನೆ, ಕ್ಲಾಸಿನ ದಿನ ಮಾತ್ರ ರಜೆ ಕೇಳುತ್ತೇನೆ, ಸಹಿ ಮಚ್ಛೇಂದ್ರ. ನನಗೆ ಒಂದು ಕಣ್ಣು ಕಾಣುವುದಿಲ್ಲ, ಸಣ್ಣ ಪರದೆ ಓದಲು ಆಗುವುದಿಲ್ಲ, ಬೋರ್ಡು ಕಾಣುತ್ತದೆ, ಸಪ್ನಾ. ದಯವಿಟ್ಟು ಕ್ಲಾಸು ನಿಲ್ಲಿಸಬೇಡಿ, ಸುಜಾತಾ, ಔರಾದ.

ಅಲ್ಲಿಗೆ ಸರ್ ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿಗೆ ಸನ್ನೆ ಮಾಡಿದರು. ಮೈಕು ಸತ್ತಿತು. ಪರದೆಯ ಪಂಡಿತರಿಗೆ ನನ್ನ ಬಾಯಿ ಅಲ್ಲಾಡುವುದಷ್ಟೇ ಕಾಣುತ್ತಿತ್ತೇನೋ. ಸಭೆಯಲ್ಲಿದ್ದವರಿಗೆ ಕೇಳುತ್ತಿತ್ತು. ಗುಡ್ಡದ ಈ ಕಡೆಯಿಂದ ಆ ಕಡೆಯ ಹಿಂಡನ್ನು ಕರೆಯುವ ಗಂಟಲು ನನ್ನದು. ಮೈಕು ಯಾರಿಗೆ ಬೇಕು? ಓದುತ್ತಾ ಹೋದೆ. ಯಾರೋ ಎದ್ದು ಹೋದರು. ಯಾರೋ ಮೊಬೈಲಿನಲ್ಲಿ ಹಿಡಿದುಕೊಂಡರು. ಕೈಗೆ ಒಂದರ ಹಿಂದೆ ಒಂದು ಬರುತ್ತಿದ್ದವು. ಒಂದು ಕಾಗದದ ಮೇಲೆ ನನ್ನ ಹೆಸರಿತ್ತು.

ಇಪ್ಪತ್ನಾಲ್ಕು ವಾಕ್ಯ, ಇಪ್ಪತ್ನಾಲ್ಕು ಐದು. ತಿರುವಿದೆ. ಹಿಂದೆ ಖಾಲಿ ಇತ್ತು.

ಎಲ್ಲರಿಗೂ ಹಿಂದೆ ಬರೆಯಿರಿ ಎಂದವಳು ನಾನು. ಗುಡ್ಡ ಹತ್ತದೆ ನೆಟ್ ಸಿಗುವುದಿಲ್ಲ ಎಂದು ಅವತ್ತೂ ಗೊತ್ತಿತ್ತು. ಸರ್ ನನ್ನ ಫಾರಂ ನೋಡುತ್ತಾರೆ, ಬೇಸರ ಮಾಡಿಕೊಳ್ಳುತ್ತಾರೆ ಎಂದು ಒಂದಕ್ಷರ ಬರೆದಿರಲಿಲ್ಲ. ಅಲ್ಲಿಗೆ ಓದು ನಿಲ್ಲಿಸಿದೆ. ಸಭೆಗೆ ಆ ಖಾಲಿ ಹಾಳೆ ಎತ್ತಿ ತೋರಿಸಿ, ಇದು ನನ್ನದು ಎಂದೆ. ಸರ್ ಕಡೆ ತಿರುಗಿ ಪೆನ್ ಕೇಳಿದೆ. ಅವರು ಜೇಬಿನ ಮೇಲೆ ಕೈ ಇಟ್ಟುಕೊಂಡರು. ಮೈಕು ಮುಚ್ಚಿದ ಆ ಹುಡುಗಿಯೇ ಎದ್ದು ಬಂದು ತನ್ನ ಪೆನ್ ಕೊಟ್ಟಳು.

ಮೇಜಿನ ಮೇಲೆ ಬಗ್ಗಿ ಬರೆದೆ. ನಾನು ಒಪ್ಪುವುದಿಲ್ಲ. ನನ್ನ ಮುಖ ನೋಡಿ ಹಾಕಿದ ಐದುಗಳೆಲ್ಲ ಸುಳ್ಳು. ಹೆಸರು ಬರೆದು, ಕಾಗದವನ್ನು ನನಗೆಂದು ಇಟ್ಟಿದ್ದ ಪ್ರಮಾಣಪತ್ರದ ಮೇಲಿಟ್ಟೆ.

ಸರ್ ಹತ್ತಿರ ಬಂದು, ಹಲ್ಲು ಕಚ್ಚಿ, ನನಗಷ್ಟೇ ಕೇಳುವಂತೆ ಹೇಳಿದರು.

"ನಿನ್ನ ಪರೀಕ್ಷಾ ಹೋಯ್ತು. ತಿಳೀತಾ?"

"ತಿಳೀತ್ರಿ," ಎಂದೆ, ಎಲ್ಲರಿಗೂ ಕೇಳುವಂತೆ. "ಇವತ್ತು ನಾ ನಿಮ್ಮೆದುರಿಗೇ ನಿಂತೀನ್ರಿ, ಸರ್. ಕ್ಯಾಮೆರಾ ಬ್ಯಾಡ, ನೆಟ್ ಬ್ಯಾಡ. ಹಾಜರಿ ಹಾಕ್ಕೋರಿ."

ಅವರು ಹಾಕಲಿಲ್ಲ. ನಾನು ಕಾಗದಗಳನ್ನು ಚೀಲಕ್ಕೆ ತುಂಬಿದೆ. ಅಪ್ಪ ಬಾಗಿಲ ಹೊರಗಿಟ್ಟ ಕೋಲು ತೆಗೆದುಕೊಂಡ. ಬಸ್‌ಸ್ಟ್ಯಾಂಡಿನಲ್ಲಿ ಭಾಲ್ಕಿಯ ಬಸ್ಸು ನಿಂತಿತ್ತು, ಅಪ್ಪ ಅದರ ಕಡೆ ನಡೆದ. ನಾನು ಅವನ ತೋಳು ಹಿಡಿದು ಔರಾದಿನ ಬಸ್ಸು ತೋರಿಸಿದೆ. ಸುಜಾತಾಳ ಫಾರಂ ನನ್ನ ಕೈಯಲ್ಲೇ ಇತ್ತು. ಅದನ್ನು ಅವಳಿಗೆ ವಾಪಸ್ ಕೊಡಬೇಕಿತ್ತು. ಈ ಸಲವೂ ಅವಳು ಒಳಗೆ ಕರೆಯದಿದ್ದರೆ ಹೊಸ್ತಿಲ ಹೊರಗೇ ಕೂರುವುದೆಂದು ಬಸ್ ಹತ್ತಿದೆ.